ಆಯಿ ಕಥೆ ನಿಲ್ಲಿಸುವ ಜಾಗ

ಹೈದರಾಬಾದಿನ ನಮ್ಮಂಥ ಕನ್ನಡ ಮನೆಗಳಲ್ಲಿ ಸೆಪ್ಟೆಂಬರ್ 17 ಎಂದರೆ ಹಿರಿಯರು ಬಾಯಿಬಿಡುವ ದಿನ. ಹೊರಗೆ ಅದಕ್ಕೆ ವಿಮೋಚನೆ, ವಿಲೀನ, ಏಕತೆ ಎಂದು ಪಕ್ಷಕ್ಕೊಂದು ಹೆಸರು. ಆಯಿಗೆ ಮಾತ್ರ ಅದು ‘ಹಾವಳಿ ಮುಗಿದ ದಿನ’. ನಾವು ಬಿ.ಎ.ಗೆ ಓದಿದ ಇತಿಹಾಸದಲ್ಲಿ ಈ ಸಂಗತಿಗೆ ಅರ್ಧ ಪುಟವಿತ್ತು. ಆಯಿಗೆ ಅರ್ಧ ರಾತ್ರಿಯೂ ಸಾಲದು.

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮರ ಸಂಸ್ಥಾನಕ್ಕೆ ಬರಲಿಲ್ಲ. ಬೀದರ, ಕಲಬುರಗಿ, ರಾಯಚೂರಿನ ಜನ ಇನ್ನೂ ಹದಿಮೂರು ತಿಂಗಳು ಕಾಯಬೇಕಾಯಿತು. ಆ ತಿಂಗಳುಗಳಲ್ಲಿ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಹಳ್ಳಿ ಹೊಕ್ಕರು. ಆಳಂದ ತಾಲೂಕಿನ ಹಳ್ಳಿಯಲ್ಲಿದ್ದ ಆಯಿಗೆ ಆಗ ಒಂಬತ್ತು ವರ್ಷ. ಗಂಡಸರು ರಾತ್ರಿ ಹೊಲದಲ್ಲಿ ಮಲಗುತ್ತಿದ್ದರಂತೆ. ಒಲೆಯ ಬೆಳಕು ಕಾಣಬಾರದೆಂದು ಹೆಂಗಸರು ಹಗಲಲ್ಲೇ ರೊಟ್ಟಿ ಬಡಿದಿಡುತ್ತಿದ್ದರಂತೆ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಕೊಲೆಗಳಾದ ಸುದ್ದಿ ಬಂದ ಮೇಲೆ ಮನೆಯವರು ಗಂಟು ಕಟ್ಟಿ ಸೋಲಾಪುರದ ದಾರಿ ಹಿಡಿದರು.

ಸೋಲಾಪುರ ಮುಂಬಯಿ ಪ್ರಾಂತದಲ್ಲಿತ್ತು. ಗಡಿ ದಾಟಿದರೆ ಜೀವ ಉಳಿದಂತೆ, ಆದರೆ ದುಡ್ಡು ಬೇರೆ. ನಿಜಾಮರ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ಎಂಬುದು ಲೆಕ್ಕ. ದಿಕ್ಕೆಟ್ಟು ಬಂದವರಿಗೆ ಲೆಕ್ಕದಂತೆ ಕೊಡುವವರಾರು? (ಗುಮಾಸ್ತನಿಗೆ ಇಂಥವೇ ಮೊದಲು ನೆನಪಿರುತ್ತವೆ, ವಾಚಕರು ಮನ್ನಿಸಬೇಕು.)

ಎಮ್ಮೆಯನ್ನು ಮಾತ್ರ ಬಿಟ್ಟು ಬರಬೇಕಾಯಿತು. ನೆರೆಮನೆಯ ಪಿಂಜಾರರು ಮುಸಲ್ಮಾನರು. ಆ ಮನೆಯಾಕೆ, “ನೀವ್ ಹೋಗ್ರಿ ಅಕ್ಕಾ, ಎಮ್ಮಿ ನಾ ನೋಡ್ಕೋತೀನಿ” ಎಂದಳಂತೆ.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಹೊಕ್ಕಿತು. 17ಕ್ಕೆ ನಿಜಾಮರು ಸೋಲೊಪ್ಪಿದರು. ಇಲ್ಲಿಗೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಆಯಿ ದೀಪ ಹಚ್ಚಲು ಏಳುತ್ತಾಳೆ. ಕಥೆ ಪ್ರತಿ ವರ್ಷ ನಿಲ್ಲುವುದು ಇಲ್ಲೇ.

ಈ ಸಲ ನಮ್ಮ ಮಗಳು ಸೆರಗು ಬಿಡಲಿಲ್ಲ. “ಆಯಿ, ಎಮ್ಮಿ ಏನಾತು?”

ಆಯಿ ಮತ್ತೆ ಕೂತಳು. ದಸರೆಯ ಹೊತ್ತಿಗೆ ಅವರು ಊರಿಗೆ ಮರಳಿದರಂತೆ. ಪಿಂಜಾರರ ಮನೆಯ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಹತ್ತಿ ಹಿಂಜುವ ಬಿಲ್ಲು ಮುರಿದು ಅಂಗಳದಲ್ಲಿ ಬಿದ್ದಿತ್ತು. ಸಂಜೆ ಊರವರು ಎಮ್ಮೆಯನ್ನು ಹೊಡೆದುಕೊಂಡು ಬಂದು, “ನಿಮ್ಮದಂತ ಬಿಡಿಸಿ ಇಟ್ಟಿದ್ವಿ” ಎಂದರು. ಯಾರಿಂದ ಬಿಡಿಸಿದಿರಿ ಎಂದು ಆಯಿಯ ಅಪ್ಪ ಕೇಳಲಿಲ್ಲ.

ಆ ವರ್ಷದ ಕೊನೆಗೆ ನೆಹರೂ ಸರ್ಕಾರ ಪಂಡಿತ ಸುಂದರಲಾಲರ ಸಮಿತಿಯನ್ನು ಕಳುಹಿಸಿತು. ಸೇನೆ ಬಂದಾಗ ಮತ್ತು ಬಂದ ಮೇಲೆ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತರೆಂದು ಸಮಿತಿಯ ಅಂದಾಜು. ಸತ್ತವರು ಮುಸಲ್ಮಾನರು, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರಗಳೂ ಇದ್ದವು. ಆ ವರದಿ ಜನರ ಕೈಗೆ ಬಂದದ್ದು 2013ರ ಸುಮಾರಿಗೆ. ಕಡತಗಳ ಸ್ವಭಾವ ನಮಗೆ ಗೊತ್ತು: ಮಲಗಿಸಿದರೆ ಮಲಗುತ್ತವೆ. ನಮ್ಮ ಆಯಿಯ ಕಡತ ಅದಕ್ಕಿಂತಲೂ ಹೆಚ್ಚು ವರ್ಷ ಮಲಗಿತ್ತು.

“ಆಕೀ ಹೆಸರೇನು?” ಎಂದು ಮಗಳು ಕೇಳಿದಳು. ಆಯಿ ಹೇಳಿದಳು. ಅಲ್ಲಿಯವರೆಗೆ ಆಕೆ ನಮಗೆಲ್ಲ ಬರೇ ‘ಪಿಂಜಾರರಾಕಿ’.

ಬರುವ ರಾಜ್ಯೋತ್ಸವಕ್ಕೆ ಸಂಘದ ಸಭೆಯಲ್ಲಿ ಮಕ್ಕಳು ತಮ್ಮ ಮನೆಯ ಹಿರಿಯರ ಕಥೆ ಹೇಳಬೇಕಂತೆ. ಸೋಲಾಪುರದವರೆಗೆ ಹೇಳಿದರೆ ಸಾಕು ಎಂದು ಮನೆಯಲ್ಲಿ ಕೆಲವರ ಮತ. ಎಮ್ಮೆಯದನ್ನೂ ಹೇಳಲಿ ಎನ್ನುತ್ತಾಳೆ ಆಯಿ.