ಮೀನಿನ ಪಂಚಾಂಗವನ್ನೂ ನೋಡಿ

ಪ್ರವಾಸ ಹೋಗುವುದಕ್ಕಿಂತ ಪ್ರವಾಸದ ಪಟ್ಟಿ ಬರೆಯುವುದರಲ್ಲಿ ನಮ್ಮವರಿಗೆ ಸುಖ ಹೆಚ್ಚು. ಯಾವ ರೈಲು, ಯಾರ ಪಕ್ಕ ಯಾರು, ಕೋಡುಬಳೆ ಎಷ್ಟು ಸೇರು, ಚಟ್ನಿಪುಡಿ ಯಾರ ಮನೆಯದು, ಸ್ವೆಟರು ಒಂದು ಸಾಕೋ ಎರಡು ಬೇಕೋ ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಶಾಲೆಯ ಅಧ್ಯಾಪಕರ ಕೊಠಡಿಯಲ್ಲಂತೂ ಪರೀಕ್ಷೆಯ ವೇಳಾಪಟ್ಟಿಗಿಂತ ಹೆಚ್ಚು ಶ್ರದ್ಧೆಯಿಂದ ತಯಾರಾಗುವುದು ಈ ಪಟ್ಟಿಯೇ. ಅದರಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ಸೀಮೆಸುಣ್ಣದ ಪುಡಿ ನುಂಗಿದವರಿಗೆ ನಾಲ್ಕು ದಿನ ಶುದ್ಧ ಗಾಳಿ ಬೇಕು.

ಈ ಸಲದ ಪಟ್ಟಿಯ ಬಗ್ಗೆ ಮಾತ್ರ ನನ್ನ ತಕರಾರಿದೆ. ಡಿಸೆಂಬರ್ ಕೊನೆಯ ವಾರ ಹಿಮಾಚಲ ಪ್ರದೇಶದ ಕುಲು ಸೀಮೆ. ನದಿ ದಂಡೆಯಲ್ಲಿ ಡೇರೆ ಹಾಕಿ ಮೂರು ರಾತ್ರಿ ವಾಸ, ಬೆಂಕಿಯ ಸುತ್ತ ಹಾಡು, ಹಗಲಿಗೆ ಟ್ರೌಟ್ ಮೀನಿನ ಶಿಕಾರಿ. ಡಿಸೆಂಬರೇ ಏಕೆಂದರೆ, ಉಳಿದ ಸಾಂದರ್ಭಿಕ ರಜೆಗಳು ವರ್ಷ ಮುಗಿದರೆ ಸತ್ತುಹೋಗುತ್ತವೆ. ಎಲ್ಲವನ್ನೂ ಕೂಡಿಸಿ ಕಳೆದು ಬರೆದ ಈ ಪಟ್ಟಿಯಲ್ಲಿ ಒಂದೇ ಒಂದು ಪ್ರಶ್ನೆಗೆ ಜಾಗವಿರಲಿಲ್ಲ. ಆ ಹೊತ್ತಿನಲ್ಲಿ ಮೀನು ಏನು ಮಾಡುತ್ತಿರುತ್ತದೆ?

ಟ್ರೌಟ್ ತಣ್ಣೀರಿನ ಮೀನು, ಸಾಲ್ಮನ್ ಬಳಗದ್ದು. ನಮ್ಮ ಕೆರೆಯ ಮೀನುಗಳ ಹಾಗೆ ಮಳೆ ಬಂದಾಗ ಮೊಟ್ಟೆಯಿಡುವ ಜಾತಿಯಲ್ಲ. ಹಿಮಾಲಯದ ಹೊಳೆಗಳಲ್ಲಿರುವ ಕಂದು ಟ್ರೌಟಿಗೆ ಚಳಿಗಾಲವೇ ಬಾಣಂತನದ ಕಾಲ. ಹೆಣ್ಣು ಮೀನು ತಿಳಿನೀರು ಹರಿಯುವ, ಸಣ್ಣ ಕಲ್ಲುಗಳಿರುವ ತಳವನ್ನು ಹುಡುಕಿ, ಪಕ್ಕಕ್ಕೆ ಹೊರಳಿ ಬಾಲದಿಂದ ಬಡಿದು ಬಡಿದು ಹಳ್ಳ ತೋಡುತ್ತದೆ. ಅಲ್ಲಿ ಮೊಟ್ಟೆಯಿಟ್ಟು, ಗಂಡು ಮೀನು ಬಂದು ಹೋದ ಮೇಲೆ, ಮೇಲ್ಗಡೆಯ ಕಲ್ಲುಗಳನ್ನು ಸಡಿಲಿಸಿ ಮುಚ್ಚುತ್ತದೆ. ಕಲ್ಲುಗಳ ಸಂದಿಯಲ್ಲಿ ನುಸುಳುವ ನೀರೇ ಆ ಮೊಟ್ಟೆಗಳಿಗೆ ಉಸಿರು. ನೀರು ತಣ್ಣಗಿದ್ದಷ್ಟೂ ಮರಿಯಾಗುವುದು ನಿಧಾನ. ಚಳಿಯ ಹೊಳೆಯಲ್ಲಿ ಎರಡು ಮೂರು ತಿಂಗಳೇ ಹಿಡಿಯುತ್ತದೆ. ಒಡೆದು ಬಂದ ಮರಿಯೂ ಕೂಡಲೇ ಈಜಿ ಹೋಗುವುದಿಲ್ಲ. ಹೊಟ್ಟೆಗಂಟಿದ ಹಳದಿ ಚೀಲದ ಆಹಾರ ಮುಗಿಯುವವರೆಗೆ ಅದೇ ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ. ಅಂದರೆ ಚಳಿಗಾಲದ ಹೊಳೆಯ ತಳವೆಂದರೆ ನೂರಾರು ತೊಟ್ಟಿಲು. ನಾವು ಮೊಣಕಾಲುದ್ದದ ಬೂಟು ತೊಟ್ಟು, ಫೋಟೋಕ್ಕೆಂದು, ಅದರ ಮೇಲೆ ನಡೆದಾಡಲು ಹೊರಟಿದ್ದೇವೆ.

ಇದು ಬರೀ ಕರುಣೆಯ ಮಾತಲ್ಲ, ಕಾನೂನೂ ಹೌದು. ಹಿಮಾಚಲ ಪ್ರದೇಶದಲ್ಲಿ ಟ್ರೌಟ್ ಇರುವ ಹೊಳೆಗಳು ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಗಾಳಕ್ಕೆ ಮುಚ್ಚಿರುತ್ತವೆ. ಕಾಶ್ಮೀರದಲ್ಲೂ ಚಳಿಗಾಲಕ್ಕೆ ಬಹಳ ಮೊದಲೇ ಬಾಗಿಲು ಹಾಕುತ್ತಾರೆ. ಉಳಿದ ತಿಂಗಳುಗಳಲ್ಲಿ ಕೂಡ ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದು, ಗಾಳದಿಂದ ಮಾತ್ರ ಹಿಡಿಯಬೇಕು. ಚಿಕ್ಕ ಮೀನನ್ನು ವಾಪಸು ಬಿಡಬೇಕು. ದಿನಕ್ಕೆ ಇಷ್ಟೇ ಎಂಬ ಲೆಕ್ಕವೂ ಉಂಟು. ಹೀಗಿರುವಾಗ ಆ ಕಣಿವೆಗಳಲ್ಲಿ ‘ಚಳಿಗಾಲದ ಟ್ರೌಟ್ ಶಿಕಾರಿ’ ಎಂದು ಯಾರಾದರೂ ಮಾರುತ್ತಿದ್ದರೆ, ಅವರು ಮಾರುತ್ತಿರುವುದು ಒಂದೋ ಸುಳ್ಳು, ಇಲ್ಲವೇ ಕಳ್ಳತನ.

ಇದನ್ನೇ ನಮ್ಮ ಪ್ರವಾಸದ ಏಜೆಂಟರಲ್ಲಿ ಫೋನಿನಲ್ಲಿ ಕೇಳಿದೆ. ಅವರು ಕ್ಷಣವೂ ತಡವರಿಸಲಿಲ್ಲ. "ಅದೆಲ್ಲ ಅಡ್ಜಸ್ಟ್ ಆಗುತ್ತೆ ಮೇಡಂ, ಅಲ್ಲಿ ನಮ್ಮ ಹುಡುಗರಿದ್ದಾರೆ" ಎಂದರು. ಈ ‘ಅಡ್ಜಸ್ಟ್’ ಎಂಬ ಶಬ್ದ ಕನ್ನಡಕ್ಕೆ ಬಂದು ಎಷ್ಟು ಕಾಲವಾಯಿತೋ, ಅಂದಿನಿಂದ ನಮ್ಮ ಎಷ್ಟು ಕೆರೆ, ಗುಡ್ಡ, ಗೋಮಾಳಗಳು ಅದರ ಬಾಯಿಗೆ ಬಿದ್ದಿವೆಯೋ ಲೆಕ್ಕವಿಟ್ಟವರಿಲ್ಲ. ಈಗ ಬೇರೆ ರಾಜ್ಯದ ಹೊಳೆಯ ಸರದಿ. ಬೆಳಿಗ್ಗೆ ಪ್ರಾರ್ಥನೆಯ ವೇಳೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಿಯಮಪಾಲನೆಯ ಬಗ್ಗೆ ಭಾಷಣ ಮಾಡುವ ನಾವು, ರಜೆಯಲ್ಲಿ ಈ ಶಬ್ದವನ್ನು ನಂಬಿ ಹೊರಡಬಹುದೇ?

"ಹಿಡಿದು ಬಿಟ್ಟುಬಿಡುತ್ತೇವಲ್ಲ, ತಿನ್ನುವುದಿಲ್ಲವಲ್ಲ" ಎನ್ನುವವರಿದ್ದಾರೆ. ಒಳ್ಳೆಯ ಗಾಳಗಾರರು ಹಾಗೆ ಮಾಡುತ್ತಾರೆ, ಅವರ ಮೇಲೆ ನನಗೆ ಗೌರವವಿದೆ. ಆದರೆ ಅವರಿಗೂ ಕಾಲದ ಕಟ್ಟಿದೆ. ಮೊಟ್ಟೆಯಿಡುವ ಶ್ರಮದಲ್ಲಿರುವ ಮೀನನ್ನು ಬಾಯಿಗೆ ಕೊಕ್ಕೆ ಹಾಕಿ ಎಳೆದಾಡಿಸಿ, ಕೊರೆಯುವ ಗಾಳಿಯಲ್ಲಿ ಎತ್ತಿ ಹಿಡಿದು, ನಕ್ಕು, ಆಮೇಲೆ ಬಿಟ್ಟರೆ ಅದು ಬದುಕಿದರೂ ತನ್ನ ಕೆಲಸ ಮುಗಿಸುತ್ತದೆಂಬ ಭರವಸೆಯಿಲ್ಲ. ಕಾಲಡಿಯ ಮೊಟ್ಟೆಗಳನ್ನಂತೂ ಯಾರೂ ವಾಪಸು ಬಿಡಲಾರರು.

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. ಟ್ರೌಟ್ ನಮ್ಮ ದೇಶದ ಮೀನೇ ಅಲ್ಲ, ಬ್ರಿಟಿಷರು ತಮ್ಮ ಆಟಕ್ಕಾಗಿ ತಂದು ಬಿಟ್ಟದ್ದು, ಅದಕ್ಕೇಕೆ ಇಷ್ಟು ಮರ್ಯಾದೆ ಎಂದು ಕೇಳುತ್ತಾರೆ. ಮಾತು ನಿಜ. ಹಿಂದಿನ ಶತಮಾನದ ಆರಂಭದಲ್ಲಿ ಬ್ರಿಟನ್ನಿನಿಂದ ಹಡಗಿನಲ್ಲಿ ಮೊಟ್ಟೆ ತರಿಸಿ ಕಾಶ್ಮೀರದಲ್ಲಿ ಮರಿ ಮಾಡಿದರು. 1909ರಲ್ಲಿ ಅಲ್ಲಿಂದ ಕುಲು ಕಣಿವೆಗೆ ತಂದರು. ಅದು ಅಲ್ಲಿನ ಮೂಲ ಮೀನುಗಳ ಮರಿಗಳನ್ನು ತಿನ್ನುವುದೂ ಸುಳ್ಳಲ್ಲ. ಇಂಥ ಮೀನನ್ನು ಹೊಸ ಹೊಳೆಗಳಿಗೆ ಬಿಡಬಾರದು ಎಂದು ಯಾರಾದರೂ ಹೋರಾಡಿದರೆ ನಾನೂ ಸಹಿ ಹಾಕುತ್ತೇನೆ. ಆದರೆ ನಮ್ಮ ಡೇರೆಯವರು ಮೂಲ ಮೀನುಗಳ ರಕ್ಷಣೆಗೆ ಹೊರಟವರೇ? ನಾಲ್ಕು ದಿನದ ಮೋಜಿಗೆ ಹೊರಟವರು ದೇಶಾಭಿಮಾನವನ್ನು ಅಡ್ಡ ತರಬಾರದು. ನೂರು ವರ್ಷಗಳಿಂದ ಅಲ್ಲಿ ನೆಲೆನಿಂತ ಆ ಮೀನಿನ ಮೇಲೆ ಇಂದು ತೀರ್ಥನ್, ಸೈಂಜ್ ಕಣಿವೆಗಳ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಪರವಾನಗಿ ಪಡೆದು ಬರುವ ಗಾಳಗಾರರಿಗೆ ಕೊಠಡಿ ಕೊಡುವವರು, ದಾರಿ ತೋರುವವರು, ಅಡಿಗೆ ಮಾಡುವವರು ಅಲ್ಲಿದ್ದಾರೆ. ಚಳಿಗಾಲದಲ್ಲಿ ತೊಟ್ಟಿಲು ತುಳಿದರೆ ಬೇಸಿಗೆಯಲ್ಲಿ ಕಳೆದುಕೊಳ್ಳುವವರು ಅವರು, ನಾವಲ್ಲ. ಇನ್ನೂ ಒಂದು ಮಾತಿದೆ. ಟ್ರೌಟ್ ತಂದ ಇಂಗ್ಲಿಷರು ತಮ್ಮ ನಾಡಿನ ನದಿಗಳಲ್ಲಿ ಕಂದು ಟ್ರೌಟಿಗೆ ಚಳಿಗಾಲದ ಬಿಡುವು ಕೊಡುತ್ತಾರೆ. ಅವರಿಂದ ಕಲಿತವರಿಗೆ ಗಾಳ ಮಾತ್ರ ನೆನಪಿದ್ದು ಬಿಡುವು ಮರೆತದ್ದು ಹೇಗೆ?

ನಾನು ಮೀನು ತಿನ್ನದವಳೆಂದು ಯಾರೂ ತಿಳಿಯಬೇಡಿ. ಕರಾವಳಿಯಲ್ಲಿ ಹುಟ್ಟಿದವಳು, ಬಂಗುಡೆಯ ಪುಳಿಮುಂಚಿ ಉಂಡು ಬೆಳೆದವಳು. ಆ ಊಟದ ಜೊತೆಗೇ ಬಿಡುವಿನ ಪಾಠವನ್ನೂ ಉಂಡಿದ್ದೇನೆ. ನಮ್ಮಲ್ಲಿ ಮಳೆಗಾಲ ಹಿಡಿದರೆ ದೋಣಿ ದಡಕ್ಕೆ ಏರುತ್ತಿತ್ತು. ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ಹಾಲೆರೆದು, ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮೊಗವೀರರು ಕಡಲಿಗಿಳಿಯುವುದು. ಇಂದು ಸರಕಾರವೂ ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಹೇರಿದೆ. ಆ ದಿನಗಳಲ್ಲಿ ಮೀನಿನ ಬೆಲೆ ಗಗನಕ್ಕೇರುತ್ತದೆ, ಮನೆಯಲ್ಲಿ ಒಣಮೀನಿನ ಚಟ್ನಿಯೇ ಗತಿಯಾಗುತ್ತದೆ. ಸಾಲ ಮಾಡಿ ದೋಣಿ ಕಟ್ಟಿದವನು ಎರಡು ತಿಂಗಳು ಕೈಕಟ್ಟಿ ಕೂರುತ್ತಾನೆ. ಹೊಟ್ಟೆಪಾಡಿನವನು ಪಾಲಿಸುವ ಬಿಡುವನ್ನು ಮೋಜಿನವನು ಪಾಲಿಸಲಾರೆ ಎನ್ನುವುದು ನಾಚಿಕೆಗೇಡು.

ನಮ್ಮ ನಾಡಿನ ಒಳಗೂ ಎಲ್ಲರೂ ಸಾಚಾ ಎಂದೇನಲ್ಲ. ಮಲೆನಾಡಿನಲ್ಲಿ ಮೊದಲ ಮಳೆಯ ಕೆಂಪು ನೀರು ಹರಿಯುತ್ತಲೇ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೀನು ಹತ್ತುತ್ತದೆ. ಮೊಟ್ಟೆಯಿಡಲು ಹೊರಟ ಈ ಹತ್ತುಮೀನನ್ನು ಕೂಣಿಯಿಟ್ಟು, ಕತ್ತಿಯಿಂದ ಕಡಿದು ಹಿಡಿಯುವುದು ಅಲ್ಲಿ ಹಬ್ಬ. ಹಿಂದೆ ಮನೆಗೊಂದು ಕೂಣಿ ಇದ್ದಾಗ ಹೊಳೆ ತಾಳಿಕೊಂಡಿತು. ಈಗ ಬ್ಯಾಟರಿ ದೀಪ, ಬಲೆ, ಜೀಪು ಎಲ್ಲವೂ ಬಂದಿವೆ. ಹೊಳೆಯ ಶಕ್ತಿ ಮಾತ್ರ ಹೆಚ್ಚಿಲ್ಲ.

ಮುಗಿಯಲಾರದ್ದೆಂದು ನಂಬಿದ್ದು ಮುಗಿದುಹೋಗುವುದನ್ನು ಕಾಣಲು ಹಿಮಾಲಯಕ್ಕೆ ಹೋಗಬೇಕಾಗಿಯೂ ಇಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದರು. ಜಗತ್ತೇ ಹುಬ್ಬೇರಿಸಿದ ದಾಖಲೆ ಅದು. ಕಾವೇರಿ ಕೊಳ್ಳದ ಆ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀರ ಅಂಚಿಗೆ ಬಂದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಅಣೆಕಟ್ಟು, ಮರಳು, ಸಿಡಿಮದ್ದು, ಬೇರೆ ಜಾತಿಯ ಮಹಶೀರ್ ಮರಿಗಳನ್ನು ತಂದು ಬಿಟ್ಟದ್ದು, ಹೀಗೆ ಕಾರಣ ಹಲವು. ಇವುಗಳ ನಡುವೆ ಗಾಳಗಾರರನ್ನೇ ದೂರಲಾರೆ. ಭೀಮೇಶ್ವರಿಯ ಕಡೆ ಅವರ ಶಿಬಿರಗಳಿದ್ದ ಕಾಲದಲ್ಲಿ ಸಿಡಿಮದ್ದಿನವರ ಮೇಲೆ ಒಂದು ಕಾವಲಾದರೂ ಇತ್ತು. ಆದ್ದರಿಂದಲೇ ಹೇಳುತ್ತೇನೆ, ನನ್ನ ಜಗಳ ಗಾಳದ ಜೊತೆಗಲ್ಲ, ಹೊತ್ತುಗೊತ್ತಿಲ್ಲದ ಗಾಳದ ಜೊತೆ.

ಹೊಳೆಯನ್ನು ವಿಚಾರಿಸದೆ ಹಾಕಿದ ಯೋಜನೆ ಮನುಷ್ಯರನ್ನೂ ವಿಚಾರಿಸಿರುವುದಿಲ್ಲ. ನಮ್ಮ ಪಟ್ಟಿಯನ್ನೇ ನೋಡಿ. ‘ರಾತ್ರಿ ಡೇರೆಯೊಳಗೆ ಬೆಚ್ಚಗಿರಲು ಇದ್ದಿಲಿನ ಅಗ್ಗಿಷ್ಟಿಕೆ’ ಎಂದು ಅದರಲ್ಲಿ ಬರೆದಿದೆ. ಮುಚ್ಚಿದ ಡೇರೆಯೊಳಗೆ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಮಲಗಿದವರು ಮಲಗಿದಲ್ಲೇ ಉಳಿಯುತ್ತಾರೆ. ಉತ್ತರ ಭಾರತದಲ್ಲಿ ಚಳಿಗಾಲ ಬಂದರೆ ಇಂಥ ಸಾವುಗಳ ಸುದ್ದಿ ತಪ್ಪುವುದಿಲ್ಲ. ಹತ್ತನೆಯ ತರಗತಿಯ ವಿಜ್ಞಾನದ ಟೀಚರೂ ಇರುವ ಗುಂಪು ಇದನ್ನು ಪಟ್ಟಿಯಲ್ಲಿ ಬರೆದುಕೊಂಡಿದೆ! ಇನ್ನು ‘ನೀರಿಗೆ ತಾಗಿದಂತೆ ಡೇರೆ’ ಎಂಬ ಆಕರ್ಷಣೆ. ಆ ಕಣಿವೆಗಳಲ್ಲಿ ನದಿಯ ಕೀಲಿಕೈ ಇರುವುದು ಜಲವಿದ್ಯುತ್ ಅಣೆಕಟ್ಟುಗಳ ಬಳಿ. 2014ರ ಜೂನ್ 8ರಂದು ಬಿಯಾಸ್ ನದಿಯ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಕೆಳಗೆ ಬಂಡೆಗಳ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರೂ ಪ್ರವಾಸದ ಪಟ್ಟಿ ಬರೆದೇ ಹೊರಟವರು. ನದಿಯ ಮೇಲ್ಗಡೆ ಏನಿದೆ ಎಂದು ಅವರಿಗೆ ಹೇಳಬೇಕಾದವರು ಹೇಳಿರಲಿಲ್ಲ.

ಹಾಗಾದರೆ ಹೋಗುವುದೇ ಬೇಡವೇ? ಖಂಡಿತ ಹೋಗಿ. ಆದರೆ ಎರಡು ಪಂಚಾಂಗ ನೋಡಿ ಹೋಗಿ, ನಮ್ಮದೊಂದು, ಮೀನಿನದೊಂದು. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ದಸರಾ ರಜೆ ಹೆಚ್ಚಾಗಿ ಅಕ್ಟೋಬರಿನಲ್ಲಿ. ಈ ಎರಡೂ ಕಾಲದಲ್ಲಿ ಹಿಮಾಚಲದ ಟ್ರೌಟ್ ಹೊಳೆಗಳು ತೆರೆದೇ ಇರುತ್ತವೆ. ಮಳೆಗಾಲ ಕಳೆದ ಅಕ್ಟೋಬರಿನಲ್ಲಿ ನೀರು ತಿಳಿಯಾಗಿರುತ್ತದೆ, ಚಳಿ ಸಹಿಸುವಷ್ಟಿರುತ್ತದೆ. ಮೇಲಾಗಿ, ನಮ್ಮ ಮೈಸೂರಿನಲ್ಲಿ ವಿಜಯದಶಮಿಯ ಮೆರವಣಿಗೆ ಮುಗಿಯುವ ದಿನವೇ ಕುಲುವಿನಲ್ಲಿ ದಸರಾ ಆರಂಭವಾಗಿ ವಾರವಿಡೀ ನಡೆಯುತ್ತದೆ, ಅದನ್ನೂ ನೋಡಬಹುದು. ವಿಧಿ ನಮ್ಮ ಇಲಾಖೆಯ ರಜೆಗಳನ್ನೂ ಮೀನಿನ ಬಿಡುವನ್ನೂ ಇಷ್ಟು ಚೆನ್ನಾಗಿ ಹೊಂದಿಸಿಕೊಟ್ಟಿರುವಾಗ, ಹೊಂದದ ಒಂದೇ ಕಾಲವನ್ನು ಹುಡುಕಿ ಆರಿಸಿಕೊಂಡ ನಮ್ಮ ಜಾಣತನಕ್ಕೆ ಏನೆನ್ನಲಿ?

ಡಿಸೆಂಬರಿನಲ್ಲೇ ಹೋಗಬೇಕೆಂಬ ಹಟವಿದ್ದರೆ ಗಾಳವನ್ನು ಮನೆಯಲ್ಲಿಟ್ಟು ಹೋಗಿ. ಹಿಮ ನೋಡಿ, ದೇವದಾರು ಮರಗಳ ನಡುವೆ ನಡೆಯಿರಿ. ಟ್ರೌಟಿನ ರುಚಿ ನೋಡಲೇಬೇಕೆಂದರೆ ಸಾಕಣೆಯ ಕೊಳಗಳಿವೆ. ಪಟ್ಲಿಕುಹಲ್‌ನಲ್ಲಿ ನಾರ್ವೆ ದೇಶದ ನೆರವಿನಿಂದ ಬೆಳೆದ ಸರಕಾರಿ ಫಾರಂ ಇದೆ. ಡೇರೆಯನ್ನು ನೀರಿನಿಂದ ಬಹಳ ಎತ್ತರದಲ್ಲಿ, ಊರವರು ಹೇಳಿದ ಕಡೆಯಲ್ಲಿ ಹಾಕಿ. ಬೆಂಕಿ ಹೊರಗಿರಲಿ, ಒಳಗೆ ಕಂಬಳಿ ಇನ್ನೊಂದಿರಲಿ. ಮತ್ತು ಏಜೆಂಟರು ‘ಅಡ್ಜಸ್ಟ್’ ಎಂದೊಡನೆ ಮುಂಗಡ ಹಣವನ್ನು ವಾಪಸು ಕೇಳಿ.

ಸತ್ತುಹೋಗುವ ಸಾಂದರ್ಭಿಕ ರಜೆಗಾಗಿ ಇಷ್ಟು ಮರುಗುವ ನಾವು ಒಂದು ಮಾತು ನೆನಪಿಡಬೇಕು. ಆ ರಜೆ ಜನವರಿ 1ರಂದು ಮತ್ತೆ ಹುಟ್ಟುತ್ತದೆ. ಕಾಲಡಿ ಒಡೆದ ಮೊಟ್ಟೆ ಹುಟ್ಟುವುದಿಲ್ಲ.