ಪೇಟೆ ಕೆರೆಗೆ ಫೇಲ್, ನಮ್ಮ ಹೊಲಕ್ಕೆ ಪಾಸ್!

ಬೆಂಗಳೂರಿನ ಕೆರೆ ಕೆಟ್ಟರೆ ಹಳ್ಳಿಗೇನು ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೇ: ನೀರು ಇಳಿಜಾರಿಗೇ ಹರಿಯೋದು. ಬೆಳ್ಳಂದೂರು ಕೆರೆಯ ಕೋಡಿ ನೀರು ವರ್ತೂರು ಕೆರೆಗೆ ಹೋಗುತ್ತದೆ. ವರ್ತೂರಿನದು ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿನ ಹೊಸೂರು ಕಡೆಗೆ ಇಳಿಯುತ್ತದೆ. ಇನ್ನೊಂದು ದಿಕ್ಕಿನಲ್ಲಿ ವೃಷಭಾವತಿಯ ಕೊಳಚೆ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು ಬೀಳುತ್ತದೆ. ಈ ದಾರಿಯುದ್ದಕ್ಕೂ ಇರುವುದು ರೈತರ ಹೊಲ, ದನದ ಮೇವು, ಸೊಪ್ಪಿನ ಮಡಿ.

ಹಾಗಾಗಿ ಪೇಟೆಯ ಕೆರೆ ನೀರನ್ನು ಹೇಗೆ ಅಳೆಯುತ್ತಾರೆ ಎನ್ನುವುದು ನಮ್ಮ ಪ್ರಶ್ನೆಯೂ ಹೌದು. ಆ ಅಳತೆಗೋಲೇ ರೈತನಿಗೆ ಮೋಸ ಮಾಡುತ್ತಿದೆ ಎಂಬುದು ನಮ್ಮ ವಾದ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆ, ನದಿಗಳ ನೀರಿಗೆ ಐದು ದರ್ಜೆ ಮಾಡಿದೆ. 'ಎ' ದರ್ಜೆಯ ನೀರನ್ನು ಕ್ರಿಮಿ ಕೊಂದು ಕುಡಿಯಬಹುದು. 'ಬಿ' ಸ್ನಾನಕ್ಕೆ. 'ಸಿ' ಪೂರ್ತಿ ಶುದ್ಧೀಕರಿಸಿ ಕುಡಿಯಲು. 'ಡಿ' ಮೀನು ಮತ್ತು ಕಾಡುಪ್ರಾಣಿಗಳಿಗೆ. ಕೊನೆಯದು 'ಇ'. ಅದು ನೀರಾವರಿಗೆ, ಕಾರ್ಖಾನೆ ಯಂತ್ರ ತಣಿಸುವುದಕ್ಕೆ ಮತ್ತು ನಿಯಂತ್ರಿತವಾಗಿ ತ್ಯಾಜ್ಯ ಬಿಡುವುದಕ್ಕೆ! ಅನ್ನ ಬೆಳೆಯುವ ಹೊಲವೂ ತ್ಯಾಜ್ಯ ಸುರಿಯುವ ಜಾಗವೂ ಒಂದೇ ಸಾಲಿನಲ್ಲಿವೆ.

'ಬಿ' ದರ್ಜೆ ಸಿಗಬೇಕಾದರೆ 100 ಮಿಲಿಲೀಟರ್ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500ಕ್ಕಿಂತ ಹೆಚ್ಚು ಇರಬಾರದು. 'ಸಿ'ಗೆ 5,000 ಮಿತಿ. 'ಇ'ಗೆ? ಮಿತಿಯೇ ಇಲ್ಲ. ಅಲ್ಲಿ ನೋಡುವುದು ನಾಲ್ಕೇ ಸಂಗತಿ: ಹುಳಿ-ಕ್ಷಾರದ ಮಟ್ಟ, ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ, ಸೋಡಿಯಂ ಪ್ರಮಾಣ, ಬೋರಾನ್. ಮಲದ ಬ್ಯಾಕ್ಟೀರಿಯಾ ಇಲ್ಲ, ಜಂತುಹುಳದ ಮೊಟ್ಟೆ ಇಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಭಾರ ಲೋಹಗಳೂ ಪಟ್ಟಿಯಲ್ಲಿಲ್ಲ.

ಅಂದರೆ ಈ ಪಟ್ಟಿ ಪೈರು ಒಣಗುತ್ತದೋ ಇಲ್ಲವೋ ಎಂದಷ್ಟೇ ಕೇಳುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತು ನಾಟಿ ಮಾಡುವ ಹೆಂಗಸಿನ ಕಾಲಿಗೆ ಏನಾಗುತ್ತದೆ, ಕೊತ್ತಂಬರಿಯನ್ನು ಹಸಿಯಾಗಿ ತಿನ್ನುವವರಿಗೆ ಏನಾಗುತ್ತದೆ, ಆ ಮೇವು ತಿಂದ ಹಸುವಿನ ಹಾಲಿಗೆ ಏನಾಗುತ್ತದೆ ಎಂದು ಕೇಳುವುದಿಲ್ಲ. ಹಸಿಯಾಗಿ ತಿನ್ನುವ ಬೆಳೆಗೆ ಕೊಳಚೆ ನೀರು ಹಾಯಿಸುವುದಾದರೆ 100 ಮಿಲಿಲೀಟರ್‌ಗೆ ಮಲದ ಕೋಲಿಫಾರ್ಮ್ 1,000 ಮೀರಬಾರದು, ಲೀಟರ್‌ಗೆ ಜಂತುಹುಳದ ಮೊಟ್ಟೆ ಒಂದಕ್ಕಿಂತ ಹೆಚ್ಚಿರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿತ್ತು. ನಮ್ಮ 'ಇ' ದರ್ಜೆಗೆ ಆ ಮಾತು ಇನ್ನೂ ಕೇಳಿಸಿಲ್ಲ.

ಬೆಂಗಳೂರಿನ ಹೆಚ್ಚಿನ ಕೆರೆಗಳಿಗೆ ಸಿಗುತ್ತಿರುವುದು 'ಡಿ' ಅಥವಾ 'ಇ'. ಪೇಟೆಯವರ ಪಾಲಿಗೆ ಅದು ಫೇಲ್: ಇಳಿಯಬೇಡಿ, ಮುಟ್ಟಬೇಡಿ. ಅದೇ ಕಾಗದ ನಮ್ಮ ಕಡೆ ಬರುವಾಗ 'ನೀರಾವರಿಗೆ ಯೋಗ್ಯ' ಎಂಬ ಸರ್ಟಿಫಿಕೇಟ್ ಆಗುತ್ತದೆ.

ಇನ್ನು ಮಾದರಿ ತೆಗೆಯುವ ರೀತಿ. ಪಾಚಿ ತುಂಬಿದ ಕೆರೆಯಲ್ಲಿ ಬಿಸಿಲಿರುವಾಗ ಪಾಚಿಯೇ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಬಾಟಲಿ ತುಂಬಿದರೆ ಲೆಕ್ಕ ಚೆನ್ನಾಗಿ ಬರುತ್ತದೆ. ಬೆಳಗಿನ ಜಾವ ತುಂಬಿದರೆ ನಿಜ ಬಯಲಾಗುತ್ತದೆ. ಇಂಥ ಕೆರೆಗಳಲ್ಲಿ ಮೀನು ಸಾಯುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ತಿಂಗಳಿಗೊಮ್ಮೆ ಹಗಲು ಹೊತ್ತು ತುಂಬಿದ ಬಾಟಲಿ ಇಡೀ ಕೆರೆಯ ಕಥೆ ಹೇಳಲಾರದು.

ಕೋಲಾರದ ವಿಷಯಕ್ಕೆ ಬರೋಣ. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ, ಎಲ್ಲರೂ ಕೆಸಿ ವ್ಯಾಲಿ ಅನ್ನುತ್ತಾರಲ್ಲ ಅದರಲ್ಲಿ, ಬರುವುದು ಕೆರೆಯ ನೀರಲ್ಲ. ಶುದ್ಧೀಕರಣ ಘಟಕಗಳಲ್ಲಿ ಎರಡನೇ ಹಂತದವರೆಗೆ ಶುದ್ಧ ಮಾಡಿದ ನೀರು. 2018ರ ಜೂನ್‌ನಲ್ಲಿ ಅದು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಂಡಿತು, ಹೈಕೋರ್ಟ್ ಕೆಲಕಾಲ ತಡೆ ಕೊಟ್ಟಿತು. ಆಮೇಲೆ ನೀರು ಮತ್ತೆ ಹರಿಯಿತು, ಬತ್ತಿದ ಕೊಳವೆಬಾವಿಗಳಲ್ಲಿ ನೀರು ಬಂತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಬರ ಕಂಡ ರೈತನಿಗೆ ನೀರು ಬೇಡ ಅನ್ನುವವರು ನಾವಲ್ಲ.

ಆದರೆ ಬಾಯಾರಿದವನಿಗೆ ಏನು ಕೊಟ್ಟರೂ ಕುಡಿಯುತ್ತಾನೆ ಎಂದುಕೊಳ್ಳುವುದು ಅನ್ಯಾಯ. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಎತ್ತಿ, ಶುದ್ಧ ಮಾಡಿ, ದಿನಾ ಪರೀಕ್ಷಿಸಿ ಪೇಟೆಯ ನಲ್ಲಿಗೆ ಕೊಡುವ ಸರ್ಕಾರ, ಬಳಸಿ ಬಿಟ್ಟ ನೀರನ್ನು ಹಳ್ಳಿಗೆ ಕೊಡುವಾಗ ಮೂರನೇ ಹಂತದ ಶುದ್ಧೀಕರಣಕ್ಕೆ ಯಾಕೆ ಹಿಂದೆಮುಂದೆ ನೋಡಬೇಕು?

ನಮ್ಮ ಬೇಡಿಕೆ ನಾಲ್ಕು. ಒಂದು, ಪೇಟೆಯ ಕೆರೆಯಲ್ಲಷ್ಟೇ ಅಲ್ಲ, ಹಳ್ಳಿ ಕೆರೆಯ ತೂಬಿನ ಬಾಯಲ್ಲೂ ಸುತ್ತಲಿನ ಕೊಳವೆಬಾವಿಗಳಲ್ಲೂ ಮಾದರಿ ತೆಗೆಯಬೇಕು. ಎರಡು, ಬೆಳಗಿನ ಜಾವವೂ ತೆಗೆಯಬೇಕು. ಮೂರು, ಮಲದ ಬ್ಯಾಕ್ಟೀರಿಯಾ, ಜಂತುಹುಳದ ಮೊಟ್ಟೆ, ನೈಟ್ರೇಟ್, ಭಾರ ಲೋಹ ಎಲ್ಲವನ್ನೂ ನೋಡಬೇಕು. ವರ್ಷಕ್ಕೊಮ್ಮೆ ಮಣ್ಣು, ಸೊಪ್ಪನ್ನೂ ಪರೀಕ್ಷಿಸಬೇಕು. ನಾಲ್ಕು, ವರದಿ ಕನ್ನಡದಲ್ಲಿ ಪಂಚಾಯಿತಿ ಬೋರ್ಡಿಗೆ ಬರಬೇಕು, ಗ್ರಾಮಸಭೆಯಲ್ಲಿ ಓದಬೇಕು.

ಅಲ್ಲಿಯವರೆಗೆ ನೀವು ಸುಮ್ಮನೆ ಕೂರಬೇಕಾಗಿಲ್ಲ. ಜಲಜೀವನ್ ಮಿಷನ್ ಅಡಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ಬೀರುವಿನೊಳಗಿದ್ದರೆ ತೆಗೆಸಿ, ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾ ನೋಡಿಸಿ. ಭಾರ ಲೋಹ ಅದರಲ್ಲಿ ಗೊತ್ತಾಗದು, ಅದಕ್ಕೆ ಪ್ರಯೋಗಾಲಯವೇ ಬೇಕು. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕಿ. ಬಿಪಿಎಲ್ ಕಾರ್ಡ್ ಇದ್ದರೆ ಆ ಶುಲ್ಕವೂ ಇಲ್ಲ. ಕೇಳಬೇಕಾದ್ದು ಇಷ್ಟೇ: ನಮ್ಮೂರಿಗೆ ಬರುವ ನೀರಿನ ಮಾದರಿಯನ್ನು ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ತೆಗೆದಿರಿ? ಏನೇನು ಪರೀಕ್ಷಿಸಿದಿರಿ? 30 ದಿನದೊಳಗೆ ಉತ್ತರ ಕೊಡಲೇಬೇಕು.

ಬಂದ ಉತ್ತರವನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ನಮಗೂ ಕಳಿಸಿ. 'ಯೋಗ್ಯ' ಎಂದು ಬರೆದಿದ್ದರೆ ಯಾರಿಗೆ ಯೋಗ್ಯ, ಯಾವುದನ್ನು ನೋಡಿ ಯೋಗ್ಯ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.