ಸದ್ದು ಮುಚ್ಚಬೇಡಿ, ಸಡಿಲ ಹುಡುಕಿ

ಈ ವಾರ ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ಟೊಮ್ಯಾಟೊ ಊಜಿ ಬಗ್ಗೆ ಕೇಳಿದ್ದವರು ಮುಂದಿನ ವಾರದ ತನಕ ಕಾಯಿರಿ. ಪಿಕಪ್ ಇಟ್ಕೊಂಡಿರೋರು ಮಾತ್ರ ಇದನ್ನ ಪೂರ್ತಿ ಓದಿ. ನಾನು ಮಾಡಿದ ತಪ್ಪು ನಾನೊಬ್ಬನೇ ಮಾಡಿರೋದಲ್ಲ ಅಂತ ಚೆನ್ನಾಗಿ ಗೊತ್ತು.

ಯುಗಾದಿ ಕಳೆದ ಮೇಲೆ ನನ್ನ ಪಿಕಪ್ಪಿಗೆ ಎಡಗಡೆಯಿಂದ ಒಂದು ಸದ್ದು ಶುರುವಾಯ್ತು. ಮಣ್ಣು ದಾರೀಲಿ ಕಟಕಟ, ಡಾಂಬರಿಗೆ ಹತ್ತಿದ್ರೆ ಗಪ್‌ಚುಪ್. ನಮ್ಮ ತೋಟದಿಂದ ಮೇನ್ ರೋಡಿಗೆ ಮೂರು ಕಿಲೋಮೀಟರ್. ಅಷ್ಟು ದೂರವೂ ಯಾರೋ ಪಕ್ಕದಲ್ಲಿ ಕೂತು ಡಬ್ಬ ಬಡಿದಂಗೆ. ಬೆಳಗಿನ ಜಾವ ಕೋಲಾರದ ಮಂಡಿಗೆ ಹೊರಟ್ರೆ ದಾರಿ ಉದ್ದಕ್ಕೂ ನಾಯಿಗಳು ಎದ್ದು ಬೊಗಳೋವು. ನಾನು ಏನು ಮಾಡಿದೆ? ಹಾಡಿನ ಸೌಂಡ್ ಜಾಸ್ತಿ ಮಾಡಿದೆ.

ಆಮೇಲೆ ಗ್ಯಾರೇಜಿಗೂ ಬಿಟ್ಟೆ. ಹಿಂದಿನ ಪ್ಲೇಟ್ ಸೆಟ್ಟಿನ ಬುಷ್ ಹೋಗಿದೆ ಅಂದ್ರು. ಹಾಕಿಸಿದೆ, 1,400 ರೂಪಾಯಿ. ಸದ್ದು ಹಾಗೇ ಇತ್ತು. ಪಕ್ಕದ ತೋಟದವರು ನಕ್ಕು, "ಪಿಕಪ್ ಅಂದ್ಮೇಲೆ ಸದ್ದು ಇರೋದೇ ಬಿಡಪ್ಪ, ಕಾರು ಅನ್ಕೊಂಡ್ಯಾ?" ಅಂದ್ರು. ನನಗೂ ಅದೇ ಸರಿ ಅನ್ನಿಸ್ತು. ಬಿಟ್ಟುಬಿಟ್ಟೆ.

ಹೋದ ತಿಂಗಳು ಕೊಯ್ಲಿನ ದಿನ, 80 ಕ್ರೇಟ್ ತುಂಬಿಸಿ ಹೊರಡೋ ಹೊತ್ತು. ಕಟಾವಿಗೆ ಬರೋ ಅಕ್ಕ ಒಬ್ಬರು ಮುಂದಿನ ಸೀಟಿಗೆ ಹತ್ತೋಕೆ ಎಡಗಡೆ ಫುಟ್‌ಬೋರ್ಡ್ ಮೇಲೆ ಕಾಲಿಟ್ರು. ಬೋರ್ಡು ಹಿಂದಿನ ತುದೀಲಿ ದಡಕ್ಕನೆ ಕುಸೀತು. ಬಾಗಿಲ ಹಿಡಿ ಸಿಕ್ಕಿದ್ದಕ್ಕೆ ಬೀಳಲಿಲ್ಲ, ಆದ್ರೆ ಮೊಣಕಾಲ ಕೆಳಗೆ ಗೇಣುದ್ದ ಚರ್ಮ ಕಿತ್ತೋಯ್ತು. ಆಸ್ಪತ್ರೆಗೆ ಕರ್ಕೊಂಡು ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿ ಬಂದ್ವಿ. ಒಂದು ವಾರ ಅವರಿಗೆ ಕೂಲಿ ಇಲ್ಲ. ನಾನು ಕೊಟ್ಟೆ ಅನ್ನಿ, ಆದ್ರೆ ನೋವು ತಿಂದಿದ್ದು ಅವರು.

ದಾರೀಲಿ ಅವರು ಹೇಳಿದ ಮಾತು ಇವತ್ತಿಗೂ ತಲೇಲಿ ಕೊರೀತಾ ಐತೆ. "ಅದು ಆವಾಗಿಂದ ಅಲ್ಲಾಡ್ತಾನೇ ಐತಲ್ಲಣ್ಣಾ. ನಿಮಗೆ ಗೊತ್ತೈತೆ ಅನ್ಕೊಂಡಿದ್ದೆ."

ಅಲ್ಲೇ ಇರೋದು ವಿಷಯ. ನಾನು ಬಲಗಡೆ ಹತ್ತಿ ಬಲಗಡೆ ಇಳಿಯೋನು. ಎಡಗಡೆ ಬೋರ್ಡಿನ ಮೇಲೆ ಮೂರು ತಿಂಗಳಲ್ಲಿ ಒಂದು ಸಲಾನೂ ಕಾಲಿಟ್ಟಿಲ್ಲ. ಸದ್ದು ಕೇಳ್ತಿದ್ದೋನು ನಾನು, ಸಡಿಲ ಗೊತ್ತಿದ್ದಿದ್ದು ಅವರಿಗೆ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಗ್ಯಾರೇಜಿನೋರು ನನ್ನ ಮಾತು ಕೇಳಿ ಪ್ಲೇಟ್ ನೋಡಿದ್ರು. ಅದಕ್ಕೇ ನನ್ನ ಅಭಿಪ್ರಾಯ ಇಷ್ಟೇ: ಗಾಡಿ ಸದ್ದು ಕಿರಿಕಿರಿ ಅಲ್ಲ, ಮುನ್ಸೂಚನೆ. ಅದನ್ನ ಮುಚ್ಚೋಕೆ ದುಡ್ಡು ಹಾಕಬೇಡಿ, ಎಲ್ಲಿಂದ ಬರ್ತೈತೆ ಅಂತ ಹುಡುಕೋಕೆ ಅರ್ಧ ದಿನ ಕೊಡಿ. ಮೊದಲು ಆ ಕಡೆ ಹತ್ತಿ ಇಳಿಯೋರನ್ನ ಕೇಳಿ.

ಕೆಳಗೆ ಮಲಗಿ ನೋಡಿದಾಗ ಕಂಡಿದ್ದು ಇದು. ಬೋರ್ಡು ನಿಂತಿರೋದು ಮೂರು ಬ್ರಾಕೆಟ್ ಮೇಲೆ. ಹಿಂದಿನದರ ನಟ್ಟೇ ಇಲ್ಲ. ಮಧ್ಯದ್ದಕ್ಕೆ ವಾಷರ್ ಇಲ್ಲದೆ, ಬೋಲ್ಟು ಆಡೀ ಆಡೀ ತೂತು ಮೊಟ್ಟೆ ಆಕಾರಕ್ಕೆ ತಿರುಗಿತ್ತು. ಭಾರ ಎಲ್ಲಾ ಮುಂದಿನ ಬ್ರಾಕೆಟ್ಟಿಗೆ ಬಿದ್ದು ಅದರ ಮಡಿಕೇಲಿ ಕೂದಲಿನಷ್ಟು ಬಿರುಕು. ಇನ್ನು ನಾಲ್ಕು ಲೋಡು ಹೊಡೆದಿದ್ರೆ ಬೋರ್ಡು ರೋಡಲ್ಲೇ ಕಳಚಿ ಬೀಳ್ತಿತ್ತು, ಹಿಂದೆ ಬರೋ ಬೈಕಿನವನ ಗತಿ ಏನು?

ಹುಡುಕೋದು ಹೇಗೆ ಅಂದ್ರೆ, ಒಂದೊಂದೇ ತೆಗೀತಾ ಬನ್ನಿ. ಮೊದಲು ಖಾಲಿ ಕ್ರೇಟು, ಜಾಕಿ, ಸ್ಪ್ಯಾನರ್ ಚೀಲ ಎಲ್ಲಾ ಇಳಿಸಿ ಅದೇ ದಾರೀಲಿ ಓಡಿಸಿ. ಅರ್ಧ ಸದ್ದು ಅಲ್ಲೇ ಹೋಗುತ್ತೆ. ಉಳಿದ್ರೆ ಗಾಡಿ ತೊಳೆಯಿರಿ. ನಮ್ಮ ಕೆಂಪು ಮಣ್ಣು ಬ್ರಾಕೆಟ್ ಸಂದೀಲಿ ಒಣಗಿ ಇಟ್ಟಿಗೆ ಆಗಿರುತ್ತೆ, ಅದೇ ಉಜ್ಜಿ ಕಿರ್ ಕಿರ್ ಅನ್ನುತ್ತೆ. ಆಮೇಲೆ ಗಾಡಿ ನಿಲ್ಲಿಸಿ ಒಬ್ಬರು ಬೋರ್ಡಿನ ಮೇಲೆ ನಿಂತು ಮೆಲ್ಲಗೆ ಜಗ್ಗಲಿ, ಇನ್ನೊಬ್ಬರು ಒಂದೊಂದು ಬ್ರಾಕೆಟ್ ಮೇಲೆ ಕೈಯಿಟ್ಟು ನೋಡಲಿ. ಕಿವಿಗಿಂತ ಕೈಗೆ ಬೇಗ ಗೊತ್ತಾಗುತ್ತೆ. ಹೊಗೆ ಪೈಪು ಆ ಕಡೆ ಇದ್ರೆ ಆರಿದ ಮೇಲೆ ಕೈ ಹಾಕಿ.

ಸದ್ದಿನಲ್ಲೂ ಜಾತಿ ಐತೆ. ಕಟಕಟ ಅಂದ್ರೆ ಕಬ್ಬಿಣಕ್ಕೆ ಕಬ್ಬಿಣ, ಅಂದ್ರೆ ಬೋಲ್ಟು ಸಡಿಲ. ಹತ್ತುವಾಗ ಮಾತ್ರ ಒಂದು ಸಲ ಟಕ್ ಅಂದ್ರೆ ತೂತು ಅಗಲ ಆಗಿರಬಹುದು, ಇಲ್ಲಾ ಬಿರುಕು. ಎಂಜಿನ್ ಒಂದು ವೇಗಕ್ಕೆ ಬಂದಾಗ ಮಾತ್ರ ಝರ್ರ್ ಅಂದ್ರೆ ಮೇಲಿನ ಶೀಟು ಇಲ್ಲಾ ಪ್ಲಾಸ್ಟಿಕ್ ಪಟ್ಟಿ. ಪೈಪಿನ ಬೋರ್ಡು ಆದ್ರೆ ಒಳಗೆ ಕಲ್ಲು ಸೇರಿ ಗಿಲಕಿ ಥರ ಆಡುತ್ತೆ.

ಬಿಗಿಯೋದಕ್ಕೂ ಕ್ರಮ ಐತೆ. ನಮ್ಮ ಪಿಕಪ್‌ಗಳಲ್ಲಿ ಕ್ಯಾಬಿನ್ ಬೇರೆ, ಚಾಸಿ ಬೇರೆ. ಕ್ಯಾಬಿನ್ನು ರಬ್ಬರ್ ಮೇಲೆ ಕೂತಿರುತ್ತೆ, ಹಳ್ಳದಲ್ಲಿ ಎರಡೂ ಬೇರೆ ಬೇರೆ ಆಡ್ತಾವೆ. ಹಾಗಾಗಿ ಚಾಸಿಗೆ ಬಿಗಿದ ಬೋರ್ಡು ಕ್ಯಾಬಿನ್ನಿಗೆ ತಾಗಬಾರದು, ಒಂದು ಬೆರಳು ಸಂದು ಬೇಕು. ಮೊದಲು ಎಲ್ಲಾ ಬೋಲ್ಟು ಕೈಯಲ್ಲೇ ಅರ್ಧ ತಿರುಗಿಸಿ, ಬೋರ್ಡು ನೇರ ಮಾಡ್ಕೊಂಡು, ಆಮೇಲೆ ಒಂದೊಂದನ್ನೇ ಬಿಗೀರಿ. ಒಂದನ್ನೇ ಪೂರ್ತಿ ಬಿಗಿದು ಉಳಿದವನ್ನ ಎಳೆದು ಕೂರಿಸಿದ್ರೆ ಬ್ರಾಕೆಟ್ ಸದಾ ಎಳೆತದಲ್ಲೇ ಇರುತ್ತೆ. ಅಗಲ ವಾಷರ್, ನೈಲಾಕ್ ನಟ್ಟು ಹಾಕಿ. ಬಿಚ್ಚಿದ ನೈಲಾಕನ್ನೇ ಮತ್ತೆ ಮತ್ತೆ ಹಾಕಬೇಡಿ, ಅದರ ಹಿಡಿತ ಹೋಗಿರುತ್ತೆ. ಹಳೇ ಟ್ಯೂಬಿನ ತೆಳು ರಬ್ಬರ್ ಸಾಕು. ದಪ್ಪ ಮೆತ್ತೆ ಹಾಕಿದ್ರೆ ಅದು ಕುಗ್ಗಿ ಬೋಲ್ಟು ಮತ್ತೆ ಸಡಿಲ. ಕೊನೆಗೆ ಪ್ರತಿ ನಟ್ಟಿನ ಮೇಲೆ ನಮ್ಮನೆಯವರ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆದೆ, ನಟ್ಟಿಂದ ಬ್ರಾಕೆಟ್ಟಿಗೆ. ಗೆರೆ ಮುರಿದಿದ್ರೆ ನಟ್ಟು ತಿರುಗಿದೆ ಅಂತ. ಬೈಸ್ಕೊಂಡೆ, ಆದ್ರೆ ಕೆಲಸ ಮಾಡ್ತಾ ಐತೆ.

ಬಿರುಕು ಬಿಟ್ಟ ಬ್ರಾಕೆಟ್ ಹೊಸದೇ ಹಾಕಿದೆ. ಎಲ್ಲಾ ಸೇರಿ 650 ರೂಪಾಯಿ.

ಮಾಡಬಾರದ್ದು ನಾಲ್ಕು ಹೇಳ್ತೀನಿ. ಒಂದು, ಬ್ರಾಕೆಟ್ಟನ್ನ ಚಾಸಿಗೆ ವೆಲ್ಡ್ ಮಾಡಿಸಬೇಡಿ. ಸದ್ದು ನಿಲ್ಲುತ್ತೆ ನಿಜ, ಆದ್ರೆ ಬೆಂಕಿ ಬಿದ್ದ ಜಾಗದ ಪಕ್ಕದಲ್ಲೇ ಚಾಸಿ ಬಿರುಕು ಬಿಡಬಹುದು. ಬ್ರಾಕೆಟ್ 200 ರೂಪಾಯಿದು, ಚಾಸಿ ಎಷ್ಟರದು? ಎರಡು, ಪೈಪಿನೊಳಗೆ ಫೋಮ್ ತುಂಬಬೇಡಿ. ಕೆಳಗಿನ ಸಣ್ಣ ತೂತು ನೀರು ಇಳಿಯೋಕೆ ಇರೋದು, ಮುಚ್ಚಿದ್ರೆ ಒಳಗಿಂದ ತುಕ್ಕು. ಮೂರು, ಹಳೇ ಎಂಜಿನ್ ಆಯಿಲ್ ಬಿಡಬೇಡಿ. ರಬ್ಬರ್ ಹಾಳು, ಧೂಳು ಮೆತ್ತುತ್ತೆ, ಹತ್ತೋರ ಕಾಲೂ ಜಾರುತ್ತೆ. ನಾಲ್ಕು, ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಬೇಡಿ. ಚಕ್ರಕ್ಕೆ ಕಲ್ಲು ಕೊಡಿ, ಫುಟ್‌ಬೋರ್ಡಿಗೆ ಜಾಕಿ ಕೊಡಲೇಬೇಡಿ.

ಇನ್ನೊಂದು ಮಾತು, ಬೇಜಾರಾದ್ರೂ ಪರವಾಗಿಲ್ಲ. ತೋಟದಿಂದ ತೋಟಕ್ಕೆ ಹೋಗುವಾಗ ಹುಡುಗರನ್ನ ಫುಟ್‌ಬೋರ್ಡಿನ ಮೇಲೆ ನಿಲ್ಲಿಸ್ಕೊಂಡು ಓಡಿಸ್ತೀವಿ. ನಾನೂ ಮಾಡಿದ್ದೀನಿ. ನಿಂತ ಗಾಡೀಲಿ ಒಬ್ಬರು ಹತ್ತಿದ್ದಕ್ಕೇ ಕುಸಿದ ಬೋರ್ಡು ಅದು. ಓಡೋ ಗಾಡೀಲಿ ಇಬ್ಬರು ನೇತಾಡ್ಕೊಂಡಿದ್ದಾಗ ಕುಸಿದಿದ್ರೆ ಹಿಂದಿನ ಚಕ್ರ ಎಲ್ಲಿರುತ್ತೆ ಯೋಚನೆ ಮಾಡಿ. ನಾನಂತೂ ಬಿಟ್ಟೆ.

ಆ ಅಕ್ಕ ಈಗ ಮತ್ತೆ ಕೆಲಸಕ್ಕೆ ಬರ್ತಾ ಇದ್ದಾರೆ. ಮೊದಲ ದಿನ ಹತ್ತೋ ಮುಂಚೆ ಬೋರ್ಡಿಗೆ ಒಂದು ಸಲ ಕಾಲಲ್ಲಿ ಒದ್ದು ನೋಡಿದ್ರು. ನಾನು ಏನೂ ಅನ್ನಲಿಲ್ಲ. ನೀವೂ ಇವತ್ತು ಸಾಯಂಕಾಲ ನಿಮ್ಮ ಗಾಡಿಯ ಎಡಗಡೆ ಹೋಗಿ ಒಂದು ಸಲ ಒದ್ದು ನೋಡಿ.